ಗಾಂಧಿನಗರದಲ್ಲಿ ಒಂದು ದಿನದ ಸನ್ಯಾಸ

(ದತ್ತಿ ಉಪನ್ಯಾಸದ ಮುದ್ರಿತ ರೂಪ)

ಗಾಂಧಿನಗರ ಕನ್ನಡಿಗರಿಗೆ ಬರೀ ಬಡಾವಣೆಯಲ್ಲ, ಒಂದು ಉದ್ಯಮ. ಪತ್ರಿಕೆಯ ಸಿನಿಮಾ ಪುಟದಲ್ಲಿ ಗಾಂಧಿನಗರದ ಗುಸುಗುಸು ಎಂದು ಓದಿದವರು ಯಾರೂ ಬೆಂಗಳೂರಿನ ನಕ್ಷೆ ಬಿಚ್ಚುವುದಿಲ್ಲ. ನಿರ್ಮಾಪಕರ, ಹಂಚಿಕೆದಾರರ ಕಚೇರಿಗಳು, ಸಾಲು ಲಾಡ್ಜುಗಳು, ಮೆಜೆಸ್ಟಿಕ್ಕಿನ ಬಸ್ಸುಗಳ ಗದ್ದಲ. ಇದೇ ಗಾಂಧಿನಗರದ ಕಾಳಿದಾಸ ರಸ್ತೆಯಲ್ಲಿ ಮಹಾಬೋಧಿ ಸೊಸೈಟಿ ಇದೆ. ಒಳಗೆ ಬುದ್ಧಗಯೆಯ ಗುಡಿಯ ಮಾದರಿಯಲ್ಲಿ ಎದ್ದಿರುವ ಲೋಕಶಾಂತಿ ವಿಹಾರ, ಅಂಗಳದಲ್ಲಿ ಬೋಧಿವೃಕ್ಷ. ವೈಶಾಖ ಹುಣ್ಣಿಮೆಯಂದು ಇಂಥ ವಿಹಾರಕ್ಕೆ ಬರುವವರಲ್ಲಿ ಕೆಲವರು ಎಂಟು ಶೀಲಗಳನ್ನು ತೊಡುತ್ತಾರೆ. ಅವುಗಳಲ್ಲಿ ಏಳನೆಯದು ಕುಣಿತ, ಹಾಡು, ವಾದ್ಯ, ಆಟನೋಟಗಳಿಂದ ದೂರವಿರುವುದು. ಹೂಮಾಲೆ, ಗಂಧ, ಅಲಂಕಾರಗಳನ್ನು ಬಿಡುವುದು. ಸಿನಿಮಾ ಬೇಡವೆನ್ನುವ ವ್ರತ ಹಿಡಿಯಲು ಇಡೀ ಕರ್ನಾಟಕದಲ್ಲಿ ಇದಕ್ಕಿಂತ ತಮಾಷೆಯ ಜಾಗ ಸಿಗಲಾರದು.

ಹುಣ್ಣಿಮೆಯ ದಿನಚರಿ ಬೆಳಗಿನ ತಂಪಿನಲ್ಲೇ ತೊಡಗುತ್ತದೆ. ಮೊದಲು ಧ್ವಜ. ನೀಲಿ, ಹಳದಿ, ಕೆಂಪು, ಬಿಳಿ, ಕಿತ್ತಳೆ, ಕೊನೆಗೆ ಐದೂ ಬಣ್ಣ ಕೂಡಿದ ಆರನೆಯ ಪಟ್ಟಿ. ನೋಡಿದವರು ಇದನ್ನು ಅಶೋಕನ ಕಾಲದ್ದೆಂದೇ ತಿಳಿಯುತ್ತಾರೆ. ಅಲ್ಲ. ಅದು ಮೊದಲು ಹಾರಿದ್ದು 1885ರ ಏಪ್ರಿಲ್ 28ರ ವೈಶಾಖ ಹುಣ್ಣಿಮೆಯಂದು, ಸಿಂಹಳದಲ್ಲಿ. ಆ ದಿನಕ್ಕೆ ಬ್ರಿಟಿಷ್ ಸರ್ಕಾರದಿಂದ ರಜೆ ದೊರೆತದ್ದೂ ಅದೇ ವರ್ಷ. ಧ್ವಜ ತೀರಾ ಉದ್ದವಾಯಿತು, ಎಲ್ಲ ದೇಶಗಳ ಬಾವುಟದ ಅಳತೆಗೆ ತನ್ನಿ ಎಂದು ತಿದ್ದಿದವನು ಥಿಯಾಸಾಫಿಕಲ್ ಸೊಸೈಟಿಯ ಅಮೆರಿಕನ್, ಕರ್ನಲ್ ಆಲ್ಕಾಟ್. ಹಳೆಯ ಹಬ್ಬಗಳ ಮೈಮೇಲೆ ಹೀಗೆ ಇತ್ತೀಚಿನ ಉಡುಗೆಗಳಿರುತ್ತವೆ.

ಬಳಿಕ ತಿಸರಣ, ಪಂಚಶೀಲ, ಬಯಸಿದವರಿಗೆ ಅಷ್ಟಶೀಲ. ಭಿಕ್ಷುಗಳು ಪಾಲಿಯಲ್ಲಿ ಸಾಲು ಸಾಲಾಗಿ ಹೇಳಿಕೊಡುತ್ತಾರೆ, ಸಭೆ ತಿರುಗಿ ಹೇಳುತ್ತದೆ, ನಡುನಡುವೆ ಮೂರು ಸಲ ‘ಸಾಧು’ ಮೊಳಗುತ್ತದೆ. ಪಾಲಿ ಕನ್ನಡದ ಕಿವಿಗೆ ಪೂರಾ ಹೊರಗಿನದಲ್ಲ. ಆಶ್ಚರ್ಯವನ್ನು ಅಚ್ಚರಿ ಮಾಡಿದ, ಯಕ್ಷನನ್ನು ಜಕ್ಕನಾಗಿಸಿದ, ನಿತ್ಯವನ್ನು ನಿಚ್ಚ ಎಂದ ನಾಲಿಗೆ ನಮ್ಮದು. ಬೌದ್ಧ ಧ್ಯಾನದ ಬೀಜಪದವಾದ ‘ಅನಿಚ್ಚ’ವನ್ನು ಇಂಗ್ಲಿಷಿನವನಿಗೆ ವಿವರಿಸಲು ಅರ್ಧ ಪುಟ ಬೇಕು, ಹಳಗನ್ನಡ ಓದಿದ ಮೇಷ್ಟರಿಗೆ ಅದು ಕೇಳಿದೊಡನೆ ತಿಳಿಯುತ್ತದೆ.

ಹೂವು, ದೀಪ, ಧೂಪ, ಪರಿತ್ತ ಪಾರಾಯಣ ಮುಗಿಯುತ್ತಿದ್ದಂತೆ ಎಲ್ಲರ ಕಣ್ಣು ಗಡಿಯಾರದ ಮೇಲೆ. ಭಿಕ್ಷುಗಳಿಗೆ ಊಟ ಬಡಿಸುವ ಸಂಘದಾನ ನಡುಹಗಲಿನೊಳಗೆ ಆಗಲೇಬೇಕು; ಸೂರ್ಯ ನೆತ್ತಿ ದಾಟಿದ ಮೇಲೆ ಉಣ್ಣುವುದು ವಿಕಾಲಭೋಜನ. ಅಷ್ಟಶೀಲ ತೊಟ್ಟ ಗೃಹಸ್ಥರಿಗೂ ಆ ದಿನದ ಮಟ್ಟಿಗೆ ಇದೇ ಕಟ್ಟಳೆ. ಇಲ್ಲೊಂದು ಸೂಕ್ಷ್ಮವಿದೆ. ನಮ್ಮ ಗಡಿಯಾರಗಳು ನಡೆಯುವುದು ಪೂರ್ವದಲ್ಲಿ ಎಂಬತ್ತೆರಡೂವರೆ ಡಿಗ್ರಿ ರೇಖಾಂಶದ ಲೆಕ್ಕಕ್ಕೆ. ಬೆಂಗಳೂರು ಅದಕ್ಕಿಂತ ಸುಮಾರು ಐದು ಡಿಗ್ರಿ ಪಶ್ಚಿಮಕ್ಕಿದೆ. ಆದ್ದರಿಂದ ಮೇ ತಿಂಗಳಲ್ಲಿ ಇಲ್ಲಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರದ ಹನ್ನೆರಡೂಕಾಲಿನ ಹೊತ್ತಿಗೆ. ಭಿಕ್ಷುಗಳ ನಿಯಮಾವಳಿಯಾದ ವಿನಯದ ಕಟ್ಟಳೆ ಹುಟ್ಟಿದ್ದು ನೆರಳು ನೋಡಿ ಹೊತ್ತು ಅಳೆಯುತ್ತಿದ್ದ ಕಾಲದಲ್ಲಿ. ಸಾರು ಕುದಿಯುವುದು ತಡವಾದ ಅಡುಗೆಯವರಿಗೆ ಈ ಕಾಲು ಗಂಟೆ ಪುಣ್ಯವೇ ಸರಿ. ಬಡಿಸುವ ತಿನಿಸುಗಳಲ್ಲಿ ಪಾಯಸಕ್ಕೆ ವಿಶೇಷ ಸ್ಥಾನ. ಆರು ವರ್ಷದ ಉಗ್ರ ತಪಸ್ಸಿನಿಂದ ಎಲುಬುಗೂಡಾಗಿದ್ದ ಸಿದ್ಧಾರ್ಥನಿಗೆ ಸುಜಾತೆ ಕೊಟ್ಟ ಹಾಲನ್ನದ ನೆನಪು ಅದು. ಉಪವಾಸದಿಂದ ಏನೂ ಸಿಗದೆ, ಉಂಡು ಚೇತರಿಸಿಕೊಂಡು ಕುಳಿತವನಿಗೆ ಬೋಧಿ ಸಿಕ್ಕಿತು ಎನ್ನುವ ಕಥೆಯನ್ನು ನೆನೆಯುವ ದಿನವೇ ರಾತ್ರಿಯೂಟ ಬಿಡುವುದು ವಿರೋಧಾಭಾಸವಲ್ಲವೇ? ಅಲ್ಲ. ಒಂದು ಹೊತ್ತು ಬಿಡುವುದಕ್ಕೂ ದೇಹವನ್ನು ದಂಡಿಸುವುದಕ್ಕೂ ಬುದ್ಧ ಅಂತರ ಇಟ್ಟಿದ್ದ.

ಥೇರವಾದಿಗಳ ಪ್ರಕಾರ ಸಿದ್ಧಾರ್ಥನ ಹುಟ್ಟು, ಬೋಧಿ, ಪರಿನಿಬ್ಬಾಣ ಮೂರೂ ಇದೇ ಹುಣ್ಣಿಮೆಯಂದು. ಕನ್ನಡ ಸಾಹಿತ್ಯ ಈ ಬದುಕಿನ ಬೇರೆ ಬೇರೆ ರಾತ್ರಿಗಳನ್ನು ಆರಿಸಿಕೊಂಡಿತು. ಕುವೆಂಪು ‘ಮಹಾರಾತ್ರಿ’ಯಲ್ಲಿ ಮನೆ ಬಿಡುವ ಗಳಿಗೆಯನ್ನು ಹಿಡಿದರು. ಮಾಸ್ತಿ ‘ಯಶೋಧರಾ’ದಲ್ಲಿ ಹಿಂದೆ ಉಳಿದವಳ ಕಡೆ ನಿಂತರು. ಯೇಸುವಿನ ಕೊನೆಯ ದಿನವನ್ನು ‘ಗೊಲ್ಗೊಥಾ’ದಲ್ಲಿ ಬರೆದ ಗೋವಿಂದ ಪೈಗಳು ಬುದ್ಧನ ಕೊನೆಯ ದಿನಕ್ಕೆ ‘ವೈಶಾಖಿ’ ಎಂದೇ ಹೆಸರಿಟ್ಟರು.

ವರ್ಷಕ್ಕೊಮ್ಮೆಯ ಈ ದೊಡ್ಡ ಹುಣ್ಣಿಮೆಗೆ ಬೇರು ಮಾತ್ರ ತಿಂಗಳು ತಿಂಗಳೂ ಬರುವ ಸಣ್ಣ ಪರ್ವದಲ್ಲಿದೆ. ಅದರ ಹೆಸರು ಉಪೋಸಥ. ಅದರ ಹುಟ್ಟಿನ ಕಥೆ ವಿನಯಪಿಟಕದ ಮಹಾವಗ್ಗದಲ್ಲಿದೆ. ಸ್ವಾರಸ್ಯವೆಂದರೆ ಅದು ಬುದ್ಧನಿಗೆ ತಾನಾಗಿ ಹೊಳೆದದ್ದಲ್ಲ. ರಾಜಗೃಹದಲ್ಲಿ ಬೇರೆ ಪಂಥಗಳ ಪರಿವ್ರಾಜಕರು ಪಕ್ಷದ ಎಂಟು, ಹದಿನಾಲ್ಕು, ಹದಿನೈದನೆಯ ದಿನಗಳಂದು ಕೂಡಿ ಧರ್ಮ ಹೇಳುತ್ತಿದ್ದರು. ಜನ ಕೇಳಲು ಹೋಗುತ್ತಿದ್ದರು, ಮೆಲ್ಲಗೆ ಅವರ ಕಡೆ ವಾಲುತ್ತಿದ್ದರು. ಇದನ್ನು ಗಮನಿಸಿದವನು ಮಗಧದ ದೊರೆ ಬಿಂಬಿಸಾರ. ನಮ್ಮವರೂ ಹೀಗೆ ಸೇರಬಾರದೇಕೆ ಎಂದು ಬುದ್ಧನ ಮುಂದೆ ವಿಷಯ ಇಟ್ಟ. ಬುದ್ಧ ಒಪ್ಪಿದ. ಭಿಕ್ಷುಗಳು ಸೇರಿದರು, ಸೇರಿ ಬಾಯಿ ಬಿಡದೆ ಕುಳಿತುಬಿಟ್ಟರು. ಧರ್ಮ ಕೇಳಲು ಬಂದಿದ್ದ ಜನ ರೇಗಿದರು. ಮೂಕ ಹಂದಿಗಳ ಹಾಗೆ ಕೂತಿದ್ದಾರೆ, ಇದಕ್ಕೆ ಸೇರಬೇಕಿತ್ತೇ ಎಂದು ಆಡಿಕೊಂಡರು. ದೂರು ಬುದ್ಧನವರೆಗೆ ಹೋಯಿತು. ಅವನು ಜನರನ್ನು ಬೈಯಲಿಲ್ಲ. ಸೇರಿದ ದಿನ ಧಮ್ಮ ಹೇಳಿ ಎಂದು ಭಿಕ್ಷುಗಳಿಗೆ ಅಪ್ಪಣೆ ಕೊಟ್ಟ. ತಮ್ಮ ನಿಯಮಗಳ ಪಟ್ಟಿಯಾದ ಪಾತಿಮೊಕ್ಖವನ್ನು ಭಿಕ್ಷುಗಳು ಹದಿನೈದು ದಿನಕ್ಕೊಮ್ಮೆ ಒಪ್ಪಿಸುವ ಪದ್ಧತಿ ಬಂದದ್ದು ಆಮೇಲೆ.

ಮೌನವೇ ಬೌದ್ಧರ ಗುರುತು ಎಂದು ನಂಬಿದ ಈಗಿನ ಧ್ಯಾನಪ್ರಿಯರಿಗೆ ಈ ಕಥೆ ಕೊಂಚ ಚುಚ್ಚಬಹುದು. ಪರ್ವದ ದಿನವನ್ನು ಸಂಘ ಪಡೆದದ್ದು ಬೇರೆ ಪಂಥದವರಿಂದ, ಒಬ್ಬ ರಾಜನ ಸಲಹೆಯಿಂದ, ಕೊನೆಗೆ ಊರ ಜನರ ಗೊಣಗಾಟದಿಂದ. ಅದು ಮೊದಲಿನಿಂದಲೂ ಗೃಹಸ್ಥರ ಹಕ್ಕಿನ ದಿನ.

ಗೃಹಸ್ಥರು ಅದನ್ನು ಹೇಗೆ ಕಳೆಯಬಲ್ಲರು, ಹೇಗೆ ಕೆಡಿಸಬಲ್ಲರು ಎಂಬುದೂ ಬುದ್ಧನಿಗೆ ಚೆನ್ನಾಗಿ ಗೊತ್ತಿತ್ತು. ಅಂಗುತ್ತರ ನಿಕಾಯದಲ್ಲಿ ವಿಶಾಖೆ ಎಂಬ ಉಪಾಸಿಕೆ ಒಂದು ನಡುಹಗಲಿನಲ್ಲಿ ಬುದ್ಧನ ಬಳಿ ಬರುತ್ತಾಳೆ. ಈ ಹೊತ್ತಿನಲ್ಲೇಕೆ ಬಂದೆ ಎಂದರೆ, ಇವತ್ತು ಉಪೋಸಥ ಎನ್ನುತ್ತಾಳೆ. ಆಗ ಬುದ್ಧ ಉಪೋಸಥಗಳಲ್ಲಿ ಮೂರು ಬಗೆ ಹೇಳುತ್ತಾನೆ. ಮೊದಲನೆಯದು ದನಗಾಹಿಯ ಉಪೋಸಥ. ದನ ಕಾಯುವವನು ಸಂಜೆ ಹಸುಗಳನ್ನು ಒಡೆಯರಿಗೆ ಒಪ್ಪಿಸಿ ಲೆಕ್ಕ ಹಾಕುತ್ತಾನೆ: ಇವತ್ತು ಇಂಥ ಕಡೆ ಮೇದವು, ಇಂಥ ಕಡೆ ನೀರು ಕುಡಿದವು, ನಾಳೆ ಅಲ್ಲಿ ಮೇಯಿಸಬೇಕು, ಇಲ್ಲಿ ಕುಡಿಸಬೇಕು. ಉಪೋಸಥ ಹಿಡಿದ ಕೆಲವರೂ ಹಾಗೆಯೇ: ಇವತ್ತು ಇಂಥದ್ದು ತಿಂದೆ, ನಾಳೆ ಇಂಥದ್ದು ತಿನ್ನುತ್ತೇನೆ ಎಂದು ದಿನವಿಡೀ ಬಾಯಿ ಚಪ್ಪರಿಸುತ್ತಾರೆ.

ಏಕಾದಶಿಯ ದಿನ ಅವಲಕ್ಕಿ, ಸಬ್ಬಕ್ಕಿ, ಹಣ್ಣು, ಗಟ್ಟಿ ಮೊಸರುಗಳ ನಡುವೆ ಕುಳಿತು ದ್ವಾದಶಿಯ ಪಾರಣೆಗೆ ಯಾವ ತೊವ್ವೆ, ಯಾವ ಕೋಸಂಬರಿ ಎಂದು ಅಡುಗೆಮನೆಯ ಕಡೆ ಕೂಗಿ ಕೇಳುವ ಹಿರಿಯರನ್ನು ಕಂಡವರಿಗೆ ಈ ದನಗಾಹಿ ನೆರೆಮನೆಯವನೇ. ಉಪವಾಸ, ಉಪೋಸಥ ಎರಡೂ ವೇದಕಾಲದ ‘ಉಪವಸಥ’ದ ಬಳಗದ ಮಾತುಗಳು. ಸೋಮಯಾಗದ ಹಿಂದಿನ ದಿನ ಯಜಮಾನ ಅಗ್ನಿಯ ಹತ್ತಿರ ತಂಗುವುದೇ ಉಪವಸಥ. ಊಟ ಬಿಡುವುದು ಅದರ ಒಂದು ಭಾಗ. ಅಷ್ಟಮಿ, ಚತುರ್ದಶಿಗಳಂದು ಜೈನ ಶ್ರಾವಕರು ಹಿಡಿಯುವ ಪ್ರೋಷಧೋಪವಾಸವೂ ಇದೇ ಕುಲದ್ದು.

ಕರ್ನಾಟಕದ ನೆಲಕ್ಕೆ ಬೌದ್ಧ ಪರ್ವದಿನ ಬಂದದ್ದು ಗಾಂಧಿನಗರದ ಮೂಲಕವಲ್ಲ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಭೀಮಾ ನದಿಯ ದಂಡೆಯ ಚಂದ್ರಲಾಂಬೆಯ ಗುಡಿಯ ಆವರಣದಲ್ಲಿ, ಕಾಳಿಕೆಯ ವಿಗ್ರಹಕ್ಕೆ ಪೀಠವಾಗಿದ್ದ ಒಂದು ಚಪ್ಪಡಿ 1989ರಲ್ಲಿ ಬೆಳಕಿಗೆ ಬಂತು. ಅದರ ಎರಡೂ ಮೈಗಳಲ್ಲಿ ಬ್ರಾಹ್ಮಿ ಅಕ್ಷರ. ಒಂದು ಕಡೆ ಅಶೋಕನ ಹನ್ನೆರಡು ಮತ್ತು ಹದಿನಾಲ್ಕನೆಯ ಬಂಡೆಶಾಸನಗಳ ಭಾಗ, ಇನ್ನೊಂದು ಕಡೆ ಅಲ್ಲಿಯವರೆಗೆ ಒಡಿಶಾದ ಧೌಲಿ, ಜೌಗಡಗಳಲ್ಲಿ ಮಾತ್ರ ಸಿಕ್ಕಿದ್ದ ಎರಡು ಪ್ರತ್ಯೇಕ ಶಾಸನಗಳು. ವಿಗ್ರಹ ನಿಲ್ಲಿಸಲು ನಡುವೆ ತೂತು ಕೊರೆದು ಎಷ್ಟೋ ಅಕ್ಷರ ಹೋಗಿವೆ. ಆದರೆ ಆ ಪ್ರತ್ಯೇಕ ಶಾಸನಗಳ ಪಾಠ ಧೌಲಿ, ಜೌಗಡಗಳಿಂದ ಗೊತ್ತಿದೆ, ಅದರ ಕೊನೆಯಲ್ಲಿ ಒಂದು ಸೂಚನೆಯೂ ಇದೆ: ಇದನ್ನು ತಿಷ್ಯ, ಅಂದರೆ ಪುಷ್ಯ ನಕ್ಷತ್ರದ ದಿನ ಕೇಳಿಸಬೇಕು, ನಡುವೆ ಸಂದರ್ಭ ಬಂದರೆ ಒಬ್ಬನೇ ಇದ್ದರೂ ಅವನಿಗೆ ಕೇಳಿಸಬಹುದು. ನಿಗದಿಯಾದ ದಿನದಂದು ಸೇರಿದ ಜನ, ಎದುರಿಗೆ ಕಲ್ಲಿನಿಂದ ಓದಿ ಹೇಳುವ ಅಧಿಕಾರಿ. ಇದರಲ್ಲಿ ಅಶೋಕ ಹೇಳುವುದು ಮೋಕ್ಷವನ್ನಲ್ಲ. ಅಧಿಕಾರಿಗಳು ಕಾರಣವಿಲ್ಲದೆ ಜನರನ್ನು ಸೆರೆಗೆ, ಹಿಂಸೆಗೆ ಗುರಿಮಾಡಬಾರದು ಎಂಬುದನ್ನು. ಪಟ್ಟಕ್ಕೆ ಬಂದು 26 ವರ್ಷಗಳಾದ ಮೇಲೆ ಹಾಕಿಸಿದ ಸ್ತಂಭಶಾಸನವೊಂದರಲ್ಲಿ ಅವನು ಉಪೋಸಥದ ದಿನಗಳಲ್ಲಿ ಮೀನು ಕೊಲ್ಲಬಾರದು, ಮಾರಬಾರದು ಎನ್ನುತ್ತಾನೆ. ಸನ್ನತಿಯ ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ರಾಣಿಯೊಡನೆ ನಿಂತ ಅರಸನೊಬ್ಬನ ಶಿಲ್ಪವಿದೆ. ಮೇಲೆ ‘ರಾಯ ಅಸೋಕೋ’ ಎಂದು ಹೆಸರು ಕೊರೆದಿದೆ.

ಇಂದಿನ ಈ ಉಪನ್ಯಾಸ ನಡೆಯುತ್ತಿರುವುದೂ ಒಂದು ದತ್ತಿಯಿಂದ. ದತ್ತಿ ಎಂಬುದು ನಮ್ಮ ಶಾಸನಗಳ ಮಾತು. ಕನ್ನಡ ನಾಡಿನ ಬೌದ್ಧರು ಹೆಚ್ಚಾಗಿ ಉಳಿದುಕೊಂಡಿರುವುದೂ ದತ್ತಿಯ ಲೆಕ್ಕಗಳಲ್ಲೇ. ಬಳ್ಳಿಗಾವೆಯಲ್ಲಿ 1065ರಲ್ಲಿ ರೂಪಭಟ್ಟಯ್ಯನೆಂಬ ದಂಡನಾಯಕ ಜಯಂತಿ ಪ್ರಬುದ್ಧ ವಿಹಾರ ಕಟ್ಟಿಸಿ ತಾರಾ ಭಗವತಿಯ ಪೂಜೆಗೆ, ಅಲ್ಲಿದ್ದವರ ಊಟಕ್ಕೆ ಭೂಮಿ ಬಿಡಿಸಿದ. ಗದಗ ಜಿಲ್ಲೆಯ ಡಂಬಳದಲ್ಲಿ 1095ರ ಶಾಸನ ಹದಿನಾರು ಮಂದಿ ಸೆಟ್ಟರು ಕೂಡಿ ಕಟ್ಟಿಸಿದ ಬೌದ್ಧ ವಿಹಾರವನ್ನು ಹೆಸರಿಸುತ್ತದೆ. ಮಂಗಳೂರಿನ ಕದ್ರಿಯಲ್ಲಿ ಆಳುಪ ಕುಂದವರ್ಮ 968ರಲ್ಲಿ ನಿಲ್ಲಿಸಿದ ಲೋಕೇಶ್ವರನ ಕಂಚಿನ ಮೂರ್ತಿ ಇಂದಿಗೂ ಮಂಜುನಾಥನ ಗುಡಿಯಲ್ಲಿದೆ. ಬಸವಣ್ಣನ ಕಾಲಕ್ಕೆ ಸ್ವಲ್ಪ ಮುಂಚಿನವರೆಗೂ ಕರ್ನಾಟಕದ ಪೇಟೆಗಳಲ್ಲಿ ಭಿಕ್ಷುಗಳಿಗೆ ಅನ್ನ ಹಾಕುವ ಸೆಟ್ಟರಿದ್ದರು ಎಂದಾಯಿತು.

ಆಮೇಲೆ ಉದ್ದನೆಯ ಕತ್ತಲು. ಅದು ಹರಿದದ್ದು ಗಣಿಯಲ್ಲಿ.

ಮದರಾಸಿನಲ್ಲಿ ಅಯೋತ್ತಿದಾಸರು 1898ರಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದರು. ಸಿದ್ಧವೈದ್ಯರಾಗಿದ್ದ ಅವರ ವಾದ ನೇರವಾಗಿತ್ತು: ಪರೆಯರೆಂದು ಊರ ಹೊರಗಿಟ್ಟವರು ಮೂಲದಲ್ಲಿ ಬೌದ್ಧರು, ಅವರು ಹೊಸದಾಗಿ ಎಲ್ಲಿಗೂ ಸೇರುತ್ತಿಲ್ಲ, ಮನೆಗೆ ಮರಳುತ್ತಿದ್ದಾರೆ. ಈ ಮಾತು ಬೇಗ ಬೇರು ಬಿಟ್ಟ ಕಡೆಗಳಲ್ಲಿ ಕೋಲಾರದ ಚಿನ್ನದ ಗಣಿ ಒಂದು. ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್‌ಗಳ ತಮಿಳು ಗಣಿಕಾರ್ಮಿಕರ ನಡುವೆ ಸಂಘದ ಶಾಖೆಗಳು ಎದ್ದವು, ಪುಸ್ತಕ ಅಚ್ಚಾದವು. ಅಂಬೇಡ್ಕರರ ನಾಗಪುರದ ದೀಕ್ಷೆಗಿಂತ ಅರ್ಧ ಶತಮಾನ ಮುಂಚಿನ ಮಾತು ಇದು. ಬೆಂಗಳೂರಿನಿಂದ ರೈಲಿನಲ್ಲಿ ಕೆಲವೇ ಗಂಟೆಗಳ ದೂರದ ಈ ಚರಿತ್ರೆಗೆ ಕನ್ನಡದ ಪಠ್ಯಪುಸ್ತಕಗಳು ಸಾಕಷ್ಟು ಜಾಗ ಕೊಟ್ಟಿಲ್ಲ. ಚಿನ್ನಕ್ಕೂ ಕರ್ನಾಟಕದ ಬೌದ್ಧರಿಗೂ ಇನ್ನೊಂದು ನಂಟೂ ಇದೆ. ಅಶೋಕನ ಹೆಸರನ್ನೇ ಹೇಳುವ ಮಸ್ಕಿಯ ಶಾಸನವನ್ನು 1915ರಲ್ಲಿ ಕಂಡುಹಿಡಿದ ಬೀಡನ್ ಎಂಬಾತ ಶಾಸನ ಹುಡುಕುತ್ತಿರಲಿಲ್ಲ. ಅವನು ಗಣಿ ಎಂಜಿನಿಯರು, ಅಲೆದಾಡುತ್ತಿದ್ದುದು ಚಿನ್ನಕ್ಕಾಗಿ.

ಇನ್ನು 1956. ಥೇರವಾದದ ಎಣಿಕೆಯಲ್ಲಿ ಬುದ್ಧನ ಪರಿನಿಬ್ಬಾಣಕ್ಕೆ 2500 ವರ್ಷ ತುಂಬಿದ್ದು ಆ ವರ್ಷದ ವೈಶಾಖ ಹುಣ್ಣಿಮೆಗೆ, ಮೇ 24ಕ್ಕೆ. ಆ ಒಂದೇ ದಿನ ಎರಡು ಊರುಗಳಲ್ಲಿ ನಡೆದದ್ದನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಬರ್ಮಾದ ರಂಗೂನಿನಲ್ಲಿ ಎರಡು ವರ್ಷ ಹಿಂದೆ, ಅದೂ ವೈಶಾಖ ಹುಣ್ಣಿಮೆಯಂದೇ, ಆರಂಭವಾಗಿದ್ದ ಆರನೆಯ ಧಮ್ಮಸಂಗೀತಿ ಮುಕ್ತಾಯವಾಯಿತು. ಇಡೀ ತಿಪಿಟಕವನ್ನು ಪಾರಾಯಣ ಮಾಡಿ, ಪಾಠ ತಿದ್ದಿ, ಒಪ್ಪಗೆ ಮಾಡಿದ ಸಭೆ ಅದು. ಮುಂಬಯಿಯ ನರೇ ಪಾರ್ಕಿನಲ್ಲಿ ಅಂಬೇಡ್ಕರರು ಅಕ್ಟೋಬರ್ ತಿಂಗಳಲ್ಲಿ ತಾವು ಬೌದ್ಧರಾಗುವುದಾಗಿ ಸಾರಿದರು. ಅಕ್ಟೋಬರ್ 14ರಂದು, ವಿಜಯದಶಮಿಯ ದಿನ, ನಾಗಪುರದಲ್ಲಿ ಲಕ್ಷಾಂತರ ಜನರೊಡನೆ ದೀಕ್ಷೆ ನಡೆಯಿತು. ಡಿಸೆಂಬರ್ 6ಕ್ಕೆ ಅವರು ಇರಲಿಲ್ಲ.

ರಂಗೂನಿನ ಆ ಸಭೆಯ ಸಂಪಾದಕ ಮಂಡಳಿಯಲ್ಲಿ ಕೆಲಸ ಮಾಡಿದ್ದ ಭಿಕ್ಷುಗಳಲ್ಲಿ ಆಚಾರ್ಯ ಬುದ್ಧರಕ್ಖಿತರೂ ಒಬ್ಬರು. ಹುಟ್ಟಿದ್ದು 1922ರಲ್ಲಿ, ಇಂಫಾಲದಲ್ಲಿ. ಎರಡನೆಯ ಮಹಾಯುದ್ಧವನ್ನು ಹತ್ತಿರದಿಂದ ಕಂಡು, 1949ರಲ್ಲಿ ಭಿಕ್ಷುವಾದವರು. ಅವರು 1956ರಲ್ಲೇ ಬೆಂಗಳೂರಿಗೆ ಬಂದು ಮಹಾಬೋಧಿ ಸೊಸೈಟಿಯನ್ನು ನೆಲೆಗೊಳಿಸಿದರು. ಆಸ್ಪತ್ರೆ, ವಿದ್ಯಾರ್ಥಿನಿಲಯ, ಪ್ರಕಟಣೆಗಳು ಒಂದೊಂದಾಗಿ ಸೇರಿಕೊಂಡವು. ಲಡಾಖಿನಿಂದ, ಈಶಾನ್ಯದ ಗುಡ್ಡಗಾಡುಗಳಿಂದ ಹುಡುಗರು ಇಲ್ಲಿಗೆ ಓದಲು ಬಂದರು. ಅವರಲ್ಲೊಬ್ಬರಾದ ಭಿಕ್ಷು ಸಂಘಸೇನ ಮರಳಿ ಹೋಗಿ 1986ರಲ್ಲಿ ಲೇಹ್‌ನಲ್ಲಿ ಮಹಾಬೋಧಿ ಧ್ಯಾನಕೇಂದ್ರ ತೆರೆದರು. ಲಡಾಖಿನ ಹುಡುಗರ ಧಮ್ಮದ ಪಾಠ ಮೆಜೆಸ್ಟಿಕ್ಕಿನ ಹತ್ತಿರ ಆದದ್ದು ಎಂದರೆ ಕೇಳಿದವರಿಗೆ ನಗು ಬರುತ್ತದೆ, ಆದರೂ ನಿಜ.

ಇಲ್ಲಿ ‘ಧ್ಯಾನಕೇಂದ್ರ’ ಎಂಬ ಮಾತನ್ನು ತುಸು ಬಿಚ್ಚಿ ನೋಡಬೇಕು. ವಿಹಾರ ಹಳೆಯದು, ಸ್ತೂಪ ಹಳೆಯದು; ಆಫೀಸಿಗೆ ರಜೆ ಹಾಕಿ ಗೃಹಸ್ಥರು ಕಣ್ಣು ಮುಚ್ಚಿ ಕೂರಲೆಂದೇ ಕಟ್ಟಿದ ಕೇಂದ್ರ ಹಳೆಯದಲ್ಲ. ಹಿಂದಿನ ಉಪಾಸಕರು ದಾನ ಕೊಟ್ಟರು, ಶೀಲ ಹಿಡಿದರು, ಧಮ್ಮ ಕೇಳಿದರು. ತಿಂಗಳುಗಟ್ಟಲೆ ಧ್ಯಾನ ಬಹುಮಟ್ಟಿಗೆ ಕಾಡಿನ ಭಿಕ್ಷುಗಳ ಪಾಲಿಗಿತ್ತು. ಇದನ್ನು ಮನೆಮಂದಿಯ ಕೈಗೆ ಇಟ್ಟದ್ದು ಬರ್ಮಾ. ಬ್ರಿಟಿಷರು ರಾಜನನ್ನು ಗಡಿಪಾರು ಮಾಡಿದ ಮೇಲೆ ಧಮ್ಮವನ್ನು ಕಾಯುವವರು ಯಾರು ಎಂಬ ಆತಂಕ ಅಲ್ಲಿ ಹಬ್ಬಿತು. ಲೇಡಿ ಸಯಾಡೊ ಎಂಬ ವಿದ್ವಾಂಸ ಭಿಕ್ಷು (1846–1923) ಊರೂರು ತಿರುಗಿ ಗೃಹಸ್ಥರಿಗೆ ಅಭಿಧಮ್ಮ, ವಿಪಶ್ಯನೆ ಕಲಿಸಿದರು. ಅವರ ಪರಂಪರೆಯಲ್ಲಿ ಬಂದ ಊ ಬಾ ಖಿನ್ ಸ್ವತಂತ್ರ ಬರ್ಮಾದ ಅಕೌಂಟೆಂಟ್ ಜನರಲ್. ಸರ್ಕಾರದ ಲೆಕ್ಕಪತ್ರ ನೋಡುತ್ತಲೇ 1952ರಲ್ಲಿ ರಂಗೂನಿನಲ್ಲಿ ಧ್ಯಾನಕೇಂದ್ರ ಕಟ್ಟಿದ ಗೃಹಸ್ಥ. ಅವರ ಶಿಷ್ಯ ಸತ್ಯನಾರಾಯಣ ಗೋಯೆಂಕಾ ಮಂಡಾಲೆಯಲ್ಲಿ ಹುಟ್ಟಿದ ಮಾರವಾಡಿ ವ್ಯಾಪಾರಿ. ಮೈಗ್ರೇನ್ ತಲೆನೋವಿಗೆ ಮದ್ದು ಹುಡುಕಿಕೊಂಡು ಹೋಗಿ ಧ್ಯಾನ ಹಿಡಿದವರು. 1969ರಲ್ಲಿ ಭಾರತಕ್ಕೆ ಬಂದರು, 1976ರಲ್ಲಿ ಇಗತ್‌ಪುರಿಯಲ್ಲಿ ಧಮ್ಮಗಿರಿ ಶುರುವಾಯಿತು. ಬೆಂಗಳೂರಿನ ತುಮಕೂರು ರಸ್ತೆಯ ಕಡೆ ಆಲೂರಿನ ಧಮ್ಮ ಪಫುಲ್ಲ ಅದೇ ಬಳ್ಳಿಯ ಹೂವು.

ಗೋಯೆಂಕಾ ಪರಂಪರೆಯ ಕೇಂದ್ರಗಳಲ್ಲಿ ಹುಣ್ಣಿಮೆ ಬಂದರೆ ಹೂವಿಲ್ಲ, ದೀಪವಿಲ್ಲ, ಮೆರವಣಿಗೆಯಿಲ್ಲ. ಮುಂಬಯಿಯ ಜಾಗತಿಕ ವಿಪಶ್ಯನಾ ಪಗೋಡದಲ್ಲಿ ಬುದ್ಧ ಪೂರ್ಣಿಮೆಗೆ, ಆಷಾಢ ಪೂರ್ಣಿಮೆಗೆ ಒಂದು ದಿನದ ಶಿಬಿರ ಇಡುತ್ತಾರೆ. ಹತ್ತು ದಿನದ ಶಿಬಿರ ಮುಗಿಸಿದವರು ಬಂದು ಕೂರುತ್ತಾರೆ, ಏಳುತ್ತಾರೆ, ಮನೆಗೆ ಹೋಗುತ್ತಾರೆ. ಹತ್ತು ದಿನದ ಶಿಬಿರದಲ್ಲಿ ಹೊಸಬರಿಗೆ ಐದು ಶೀಲ, ಹಳಬರಿಗೆ ಎಂಟು. ಹೊಸಬರು ಸಂಜೆ ಐದಕ್ಕೆ ಮಂಡಕ್ಕಿ, ಹಣ್ಣು ತಿನ್ನುವಾಗ ಹಳಬರು ನಿಂಬೆ ನೀರಿನ ಲೋಟ ಹಿಡಿದು ಪಕ್ಕಕ್ಕೆ ಸರಿಯುತ್ತಾರೆ. ಉಪೋಸಥ ಇಲ್ಲಿ ಹೆಸರು ಕಳೆದುಕೊಂಡು ಕಟ್ಟಳೆಯಾಗಿ ಉಳಿದಿದೆ. ಬುದ್ಧರಕ್ಖಿತರು ಭಿಕ್ಷು, ಗೋಯೆಂಕಾ ಸಂಸಾರಿ; ಇಬ್ಬರ ಧಮ್ಮವೂ ಬರ್ಮಾದ ನೀರು ಕುಡಿದದ್ದು, ಇಬ್ಬರೂ ಕಣ್ಣು ಮುಚ್ಚಿದ್ದು 2013ರ ಸೆಪ್ಟೆಂಬರಿನಲ್ಲಿ.

ಕರ್ನಾಟಕದಲ್ಲಿ ವೈಶಾಖ ಹುಣ್ಣಿಮೆ ಒಂದೇ ದಿನ ಬರುವುದೂ ಇಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ನೆಲೆಸಿರುವ ಟಿಬೆಟನ್ನರಿಗೆ ಇದು ಸಾಗಾ ದಾವಾ, ಅವರ ಪಂಚಾಂಗದ ನಾಲ್ಕನೆಯ ತಿಂಗಳು. ಅಧಿಕಮಾಸವನ್ನು ಎಲ್ಲಿ ಸೇರಿಸಬೇಕೆಂಬುದರಲ್ಲಿ ಲೆಕ್ಕ ಬೇರೆಯಾದ್ದರಿಂದ ಒಮ್ಮೊಮ್ಮೆ ಒಂದು ಹುಣ್ಣಿಮೆಯಷ್ಟು ಅಂತರ ಬೀಳುತ್ತದೆ. 2023ರಲ್ಲಿ ಬೆಂಗಳೂರಿನ ಬುದ್ಧ ಪೂರ್ಣಿಮೆ ಮೇ 5ಕ್ಕೆ, ಟಿಬೆಟನ್ನರದು ಜೂನ್ 4ಕ್ಕೆ. 2024ರಲ್ಲಿ ಎರಡೂ ಮೇ 23ಕ್ಕೆ ಕೂಡಿದವು. ಮರುವರ್ಷ ಮತ್ತೆ ಮೇ 12, ಜೂನ್ 11 ಎಂದು ಅಗಲಿದವು. ಅವರಿಗೆ ಇಡೀ ತಿಂಗಳೇ ಪುಣ್ಯಕಾಲ. ಮಾಡಿದ ಒಳಿತು ಲಕ್ಷ ಪಟ್ಟಾಗುತ್ತದೆಂಬ ನಂಬಿಕೆ. ಮಾಂಸ ಬಿಡುವವರುಂಟು, ಕೈಯಲ್ಲಿ ಮಣಿಚಕ್ರ ತಿರುಗಿಸುತ್ತ ಗೊಂಪಾದ ಸುತ್ತ ಬೆಳಗಿನಿಂದ ಪ್ರದಕ್ಷಿಣೆ ಹಾಕುವ ಅಜ್ಜಿಯರುಂಟು. ಅವರಲ್ಲೂ ಒಂದು ದಿನದ ಎಂಟು ವ್ರತಗಳಿವೆ. ಬೆಳಕು ಹರಿಯುವ ಮುನ್ನ, ಅಂಗೈ ಗೆರೆ ಕಣ್ಣಿಗೆ ಕಾಣದ ಹೊತ್ತಿನಲ್ಲೇ ಅವನ್ನು ತೆಗೆದುಕೊಳ್ಳಬೇಕು. ಪೆನೋರ್ ರಿಂಪೋಚೆ 1963ರಲ್ಲಿ ಸ್ಥಾಪಿಸಿದ ನಾಮ್‌ಡ್ರೋಲಿಂಗ್‌ನ ಸ್ವರ್ಣಮಂದಿರವನ್ನು ಮಡಿಕೇರಿ ಪ್ರವಾಸದ ದಾರಿಯಲ್ಲಿ ಒಂದು ಸೆಲ್ಫಿ ತೆಗೆದು ದಾಟಿಹೋಗುವವರಿಗೆ ಆ ನಸುಕು ಕಾಣುವುದಿಲ್ಲ.

ಪರ್ವದ ದಿನವನ್ನು ಸರ್ಕಾರದ ಕೈಗೆ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಶ್ರೀಲಂಕಾ ಸಾಕ್ಷಿ. ಅಲ್ಲಿ 1966ರಿಂದ ಭಾನುವಾರದ ವಾರದ ರಜೆ ತೆಗೆದು ಚಂದ್ರನ ನಾಲ್ಕು ಘಟ್ಟಗಳಿಗೆ, ಅಂದರೆ ಪೋಯ ದಿನಗಳಿಗೆ, ರಜೆ ಕೊಟ್ಟರು. ಚಂದ್ರನಿಗೆ ಏಳರ ಮಗ್ಗಿ ಬಾರದು. ಒಂದು ‘ವಾರ’ಕ್ಕೆ ಏಳು ದಿನವಾದರೆ ಇನ್ನೊಂದಕ್ಕೆ ಎಂಟು, ಹೊರದೇಶದ ವ್ಯಾಪಾರಿಗಳಿಗೆ, ಬ್ಯಾಂಕುಗಳಿಗೆ, ಶಾಲೆಗಳಿಗೆ ತಲೆಕೆಟ್ಟಿತು. 1971ರಲ್ಲಿ ಭಾನುವಾರ ಮರಳಿ ಬಂತು. ಹುಣ್ಣಿಮೆಯ ರಜೆ ಮಾತ್ರ ಉಳಿಯಿತು. ವಿಶ್ವಸಂಸ್ಥೆ 1999ರ ಡಿಸೆಂಬರ್ 15ರ ನಿರ್ಣಯದಲ್ಲಿ ವೈಶಾಖವನ್ನು ಮನ್ನಿಸಿದ ಮೇಲೆ ನ್ಯೂಯಾರ್ಕಿನ ಕಚೇರಿಯಲ್ಲೂ ಆಚರಣೆ ನಡೆಯುತ್ತದೆ.

ನಮ್ಮಲ್ಲಿ ಬುದ್ಧ ಪೂರ್ಣಿಮೆ ಎದುರಿಸುವ ಅಪಾಯ ಬೇರೆ: ಸಮಾರಂಭ. ವೇದಿಕೆ, ಹಾರ, ಶಾಲು, ಸ್ಮರಣಿಕೆ, ತಡವಾಗಿ ಬರುವ ಮುಖ್ಯ ಅತಿಥಿ, ಅವರಿಗಾಗಿ ಕಾದು ದಾಟಿಹೋಗುವ ಮಧ್ಯಾಹ್ನ. ಹಾರ ತೊಡುವುದಿಲ್ಲ ಎಂದು ಬೆಳಿಗ್ಗೆ ಶೀಲ ಹಿಡಿದವರ ಕೊರಳಿಗೇ ಹನ್ನೊಂದು ಗಂಟೆಗೆ ಹಾರ ಬೀಳುವುದುಂಟು. ಹಾಗೆಂದು ಜನಜಂಗುಳಿಯನ್ನೇ ಜರೆಯುವುದು ಸಲ್ಲದು. ಕಲಬುರಗಿಯಲ್ಲಿ 2009ರ ಜನವರಿ 7ರಂದು ರಾಷ್ಟ್ರಪತಿ ಪ್ರತಿಭಾ ಪಾಟೀಲರು ಉದ್ಘಾಟಿಸಿದ ಬುದ್ಧವಿಹಾರಕ್ಕೆ ಬಿಳಿ ಸೀರೆ ಉಟ್ಟು ಮಕ್ಕಳ ಕೈಹಿಡಿದು ಬರುವ ತಾಯಂದಿರಿಗೆ ಗುಡಿಯೊಂದರ ಒಳಗೆ ಎಲ್ಲರೊಡನೆ ನೆಲದ ಮೇಲೆ ಕೂರುವುದೇ ಒಂದು ಸಾಧನೆ. ಅವರ ಅಜ್ಜಿಯರಿಗೆ ಅದು ಸಿಕ್ಕಿರಲಿಲ್ಲ. ಅವರ ‘ಜೈ ಭೀಮ್’ ಅನ್ನು ಧ್ಯಾನಕ್ಕೆ ಅಡ್ಡಿ ಎಂದು ಮೂಗು ಮುರಿಯುವ ನಗರದ ಸಾಧಕರು, ಮೂಕರಾಗಿ ಕೂತು ಬೈಸಿಕೊಂಡ ರಾಜಗೃಹದ ಭಿಕ್ಷುಗಳನ್ನು ಒಮ್ಮೆ ನೆನೆಯಬೇಕು.

ಮಧ್ಯಾಹ್ನದ ಊಟವಾದ ಮೇಲೆ ವಿಹಾರ ತೆಳ್ಳಗಾಗುತ್ತದೆ. ಪ್ರಸಾದ ಎಲ್ಲಿ ಕೊಡುತ್ತಾರೆ ಎಂದು ಕೇಳಿಕೊಂಡು ಬಂದವರು ಹೋಗಿರುತ್ತಾರೆ. ಉಳಿಯುವವರು ಬಿಳಿ ಬಟ್ಟೆಯ ಕೆಲವು ಮಂದಿ: ನಿವೃತ್ತ ಗುಮಾಸ್ತರು, ಸಾಫ್ಟ್‌ವೇರಿನ ಹುಡುಗ ಹುಡುಗಿಯರು, ಸೊಸೆಗೆ ಅಡುಗೆಮನೆ ಒಪ್ಪಿಸಿ ಬಂದ ಅತ್ತೆಯರು. ಒಬ್ಬರು ತೂಕಡಿಸುತ್ತಾರೆ, ಇನ್ನೊಬ್ಬರು ಮಂಡಿ ನೋವಿಗೆ ಕಾಲು ಬದಲಿಸುತ್ತಾರೆ. ಸಂಜೆ ನಾಲ್ಕರ ಹೊತ್ತಿಗೆ ಒಗ್ಗರಣೆಯ ವಾಸನೆ ಕಾಳಿದಾಸ ರಸ್ತೆಯ ಹೋಟೆಲುಗಳಿಂದ ಗೋಡೆ ಹಾರಿ ಬಂದರೆ ಅಲ್ಲಿ ಕುಳಿತ ದನಗಾಹಿಗಳಿಗೆ ನಿಜವಾದ ಪರೀಕ್ಷೆ. ಕತ್ತಲಾಗುತ್ತಿದ್ದಂತೆ ಬೋಧಿಮರದ ಕಟ್ಟೆಯ ಸುತ್ತ ದೀಪ ಹಚ್ಚಿ ಮೂರು ಸುತ್ತು ಬರುತ್ತಾರೆ. ಗೋಡೆಯಾಚೆ ಸೆಕೆಂಡ್ ಶೋ ಮುಗಿದು ಜನ ಆಟೋ ಹಿಡಿಯುವ ಹೊತ್ತಿಗೆ ಇವರು ಎತ್ತರದ ಮಂಚವಿಲ್ಲದೆ ಚಾಪೆಯ ಮೇಲೆ ಮಲಗಿರುತ್ತಾರೆ. ಎಂಟು ಶೀಲದ ಅವಧಿ ಒಂದು ಹಗಲು, ಒಂದು ರಾತ್ರಿ. ಮರುದಿನ ಅರುಣೋದಯಕ್ಕೆ ಎಂಟು ಕಳಚಿ ಐದು ಉಳಿಯುತ್ತವೆ. ಚಾಪೆ ಸುತ್ತಿಟ್ಟು, ಭಂತೇಜಿಯವರಿಗೆ ಮೂರು ಸಲ ನಮಸ್ಕರಿಸಿ, ಬಿಳಿ ಬಟ್ಟೆಯವರು ಮೆಜೆಸ್ಟಿಕ್ಕಿನ ಕಡೆ ನಡೆಯುತ್ತಾರೆ. ದರ್ಶಿನಿಗಳಲ್ಲಿ ಮೊದಲ ಇಡ್ಲಿ ಆಗಲೇ ಹಬೆಯಾಡುತ್ತಿರುತ್ತದೆ.